ಅನುಮಾನ ಇರಲಿ ಬಿಡಿ, ತಾರೀಖು ಕೊಡಿ

‘ನಿನ್ನ ಮೇಲೆ ನಿನಗೆ ನಂಬಿಕೆ ಇರಬೇಕು ಕಣಪ್ಪ’ ಎಂಬ ಮಾತನ್ನು ಒಂದು ವರ್ಷದ ಮಟ್ಟಿಗಾದರೂ ನಿಷೇಧ ಮಾಡಬೇಕು. ಅದರಲ್ಲೂ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಬಾಡಿಗೆ ರೂಮುಗಳಲ್ಲಿ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಹಾಡು ಕಟ್ಟುತ್ತಿರುವ ನಮ್ಮೂರಿನ ಹುಡುಗ ಹುಡುಗಿಯರಿಗೆ ಈ ಮಾತು ಹೇಳುವವರಿಗೆ ದಂಡ ಹಾಕಬೇಕು. ಆ ಮಕ್ಕಳಿಗೆ ಬೇಕಾದ್ದು ನಂಬಿಕೆ ಅಲ್ಲ. ಬೇಕಾದ್ದನ್ನು ಕೊಡಲು ನಾವು ಯಾರೂ ತಯಾರಿಲ್ಲ. ಅದಕ್ಕೇ ಬಿಟ್ಟಿ ಸಿಗುವ ನಂಬಿಕೆಯನ್ನು ಹಂಚುತ್ತಿದ್ದೇವೆ.

ಯಾರ ವಿಷಯ ಇದು ಎಂದು ಊರಲ್ಲಿ ಕೂತು ಓದುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಂಡ್ಯ, ರಾಮನಗರ, ಮಾಗಡಿ, ಕುಣಿಗಲ್, ತುಮಕೂರು ಕಡೆಯ ಬಸ್ಸುಗಳು ಬೆಂಗಳೂರಿಗೆ ನುಗ್ಗುವುದು ಮೈಸೂರು ರಸ್ತೆ, ಮಾಗಡಿ ರಸ್ತೆ, ತುಮಕೂರು ರಸ್ತೆಗಳಿಂದ. ಬಸ್ಸು ಇಳಿದ ಕಡೆಯೇ ರೂಮು ಹುಡುಕುವುದು ನಮ್ಮವರ ಹಳೇ ಪದ್ಧತಿ. ಹಾಗಾಗಿ ಊರಿನ ಪಡುವಣ ಭಾಗದ ತುಂಬ ನಮ್ಮವರೇ. ಹಗಲು ಫುಡ್ ಡೆಲಿವರಿ, ಪೀಣ್ಯದಲ್ಲಿ ಲೇತ್ ಮಷಿನ್, ಗಾರ್ಮೆಂಟ್ಸ್, ಇಲ್ಲವೇ ಡಿಗ್ರಿ ಕಾಲೇಜು. ರಾತ್ರಿ ಹನ್ನೊಂದಾದ ಮೇಲೆ ಕೆಲವರು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಅವರು ತಮ್ಮನ್ನು ‘ಮ್ಯೂಸಿಕ್ ಪ್ರೊಡ್ಯೂಸರ್’ ಎಂದು ಕರೆದುಕೊಳ್ಳುತ್ತಾರೆ. ಈ ಹೆಸರಿನಿಂದಲೇ ಮೊದಲ ಎಡವಟ್ಟು. ‘ಅವ್ವ, ನಾನು ಪ್ರೊಡ್ಯೂಸರ್ ಆಗಿದ್ದೀನಿ’ ಅಂದರೆ ಆ ಕಡೆಯಿಂದ ‘ಅಷ್ಟೊಂದು ದುಡ್ಡು ಎಲ್ಲಿಂದ ತಂದ್ಯೋ?’ ಅಂತ ಗಾಬರಿ. ನಮ್ಮ ಕಡೆ ಪ್ರೊಡ್ಯೂಸರ್ ಅಂದರೆ ಸಿನಿಮಾಗೆ ದುಡ್ಡು ಹಾಕುವವನು ತಾನೆ?

ಇವರು ಮಾಡುವುದು ಬೇರೆ. ತಾಳ ಹಾಕುವುದು, ಬೇಸ್ ಕೂರಿಸುವುದು, ಕೀಬೋರ್ಡ್ ನುಡಿಸುವುದು, ಹಾಡಿದ್ದನ್ನು ರೆಕಾರ್ಡ್ ಮಾಡುವುದು, ಕೊನೆಗೆ ಎಲ್ಲವನ್ನೂ ಹದವಾಗಿ ಬೆರೆಸುವುದು. ಹಿಂದೆ ಹತ್ತು ಹದಿನೈದು ಜನ ಸೇರಿ ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಕೂತು ಮಾಡುವುದು. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡು ರೆಕಾರ್ಡ್ ಆಗಬೇಕು ಅಂದರೆ ಮದ್ರಾಸಿಗೆ ಹೋಗಬೇಕಿತ್ತು. ಆ ಕೆಲಸ ಇಲ್ಲೇ ಆಗಲಿ ಎಂದು ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದರು. ಈಗ ಅಂಥದ್ದೇ ಕೆಲಸವನ್ನು ಸುಂಕದಕಟ್ಟೆಯ ಶೀಟ್ ಮನೆಯೊಳಗೂ ಮಾಡಬಹುದು. ಆದರೆ ಶೀಟ್ ಮನೆ ಶೀಟ್ ಮನೆಯೇ. ಮಳೆ ಬಂದರೆ ರೆಕಾರ್ಡಿಂಗ್ ಬಂದ್. ಮಾಗಡಿ ರಸ್ತೆಯ ಲಾರಿ ಸದ್ದು ಕಡಿಮೆಯಾಗಲಿ ಎಂದು ಬೆಳಗಿನ ಜಾವ ಎರಡರವರೆಗೆ ಕಾಯಬೇಕು. ಆಗ ಹಾಡಲು ಬಾಯಿ ತೆರೆದರೆ ಮೇಲಿನಿಂದ ಓನರ್ ಆಂಟಿ ಕೂಗುತ್ತಾರೆ. ವಿಜಯನಗರದ ಪಿಜಿಯಲ್ಲಿರುವ ಹುಡುಗಿಯಾದರೆ ಇನ್ನೂ ಕಷ್ಟ. ಒಂದು ರೂಮಿಗೆ ನಾಲ್ಕು ಮಂಚ. ಕಂಬಳಿ ಮುಸುಕು ಹಾಕಿಕೊಂಡು ಫೋನಿಗೇ ಪಿಸುಗುಟ್ಟಿದಂತೆ ಹಾಡಬೇಕು.

ಇಷ್ಟೆಲ್ಲ ಅಡ್ಡಿ ದಾಟಿ ಕೂತವನು ಸೋಲುವುದು ಎಲ್ಲಿ ಗೊತ್ತೇ? ಎಂಟೇ ಎಂಟು ಆವರ್ತನದಲ್ಲಿ. ಹದಿನೈದು ಇಪ್ಪತ್ತು ಸೆಕೆಂಡಿನ ಒಂದು ತುಣುಕು ಮಾಡುತ್ತಾನೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಅದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಾನೆ, ಇನ್ನೂರು ಸಲ, ಮುನ್ನೂರು ಸಲ. ಅಷ್ಟು ಸಲ ಕೇಳಿದರೆ ಯಾವ ಹಾಡಾದರೂ ಸಪ್ಪೆಯೇ. ಕಿವಿ ದಣಿದಿದೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಹಾಡೇ ಸರಿಯಿಲ್ಲ ಎಂದುಕೊಳ್ಳುತ್ತಾನೆ. ಪಕ್ಕದಲ್ಲಿ ಒಂದು ಸಿನಿಮಾ ಹಾಡು ಹಾಕಿ ಹೋಲಿಸುತ್ತಾನೆ. ಆ ಹಾಡಿನ ಹಿಂದೆ ವಾದ್ಯದವರು, ಮಿಕ್ಸಿಂಗ್ ಎಂಜಿನಿಯರ್, ಮಾಸ್ಟರಿಂಗ್ ಎಂಜಿನಿಯರ್, ಸದ್ದು ಕಟ್ಟಿದ ರೂಮು, ಲಕ್ಷಗಟ್ಟಲೆ ಸಾಮಾನು ಇರುತ್ತದೆ. ಇವನ ಹತ್ತಿರ ಹತ್ತಡಿ ರೂಮು. ಚಿಕ್ಕ ಚೌಕದ ರೂಮಿನಲ್ಲಿ ಬೇಸ್ ಮೂಲೆಯಲ್ಲಿ ಹೋಗಿ ಗುಡ್ಡೆ ಬೀಳುತ್ತದೆ. ಗೋಡೆಗೆ ಕಂಬಳಿ ನೇತುಹಾಕಿದರೆ ಮಾತಿನ ಪ್ರತಿಧ್ವನಿ ಕಡಿಮೆಯಾಗಬಹುದು, ಬೇಸ್ ಜಗ್ಗುವುದಿಲ್ಲ. ಸಮಸ್ಯೆ ರೂಮಿನದು. ಆದರೆ ಅವನ ತಲೆಯಲ್ಲಿ ಬರುವುದು ‘ನನ್ನ ಕೈಲಿ ಆಗಲ್ಲ’ ಎಂಬ ಮಾತು. ಆ ಫೈಲು ಸೇವ್ ಆಗುತ್ತದೆ, ಮತ್ತೆ ತೆರೆಯುವುದಿಲ್ಲ. ಮಾರನೇ ರಾತ್ರಿ ಹೊಸ ಫೈಲು. ಹೀಗೆ ಒಂದೊಂದು ಲ್ಯಾಪ್‌ಟಾಪಿನಲ್ಲೂ ಅರ್ಧ ಹುಟ್ಟಿದ ನೂರಾರು ಹಾಡುಗಳ ಒಂದು ಫೋಲ್ಡರು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಈ ಹುಡುಗರಲ್ಲಿ ತುಂಬ ಜನ ಬಳಸುವುದು ಎಫ್‌ಎಲ್ ಸ್ಟುಡಿಯೊ ಎಂಬ ಬೆಲ್ಜಿಯಂ ಕಂಪನಿಯ ಸಾಫ್ಟ್‌ವೇರ್. ಅದನ್ನು ದುಡ್ಡು ಕೊಡದೆ ಟ್ರಯಲ್ ಹಾಕಿಕೊಂಡರೆ ಎಲ್ಲ ಕೆಲಸವನ್ನೂ ಮಾಡಬಹುದು, ಆದರೆ ಸೇವ್ ಮಾಡಿದ ಫೈಲನ್ನು ಮತ್ತೆ ತೆರೆಯಲು ಅದು ಬಿಡುವುದಿಲ್ಲ. ಕೂತ ಕೂತಲ್ಲೇ ಮುಗಿಸಿ ಹಾಡು ಹೊರಗೆ ತೆಗೆದುಕೊಳ್ಳಬೇಕು. ಎಲ್ಲರೂ ಇದನ್ನು ಬೈಯುತ್ತಾರೆ, ಕ್ರ್ಯಾಕ್ ಹುಡುಕಿ ವೈರಸ್ ಹತ್ತಿಸಿಕೊಳ್ಳುತ್ತಾರೆ. ನನಗಂತೂ ಇವರಿಗೆ ಸಿಕ್ಕ ಅತಿ ಒಳ್ಳೆಯ ಗುರು ಆ ಟ್ರಯಲ್ ವರ್ಷನ್ನೇ ಅನ್ನಿಸುತ್ತದೆ. ‘ನಿನ್ನನ್ನು ನಂಬು’ ಎನ್ನಲಿಲ್ಲ ಅದು. ‘ಇವತ್ತೇ ಮುಗಿಸು’ ಅಂದಿತು.

ಈಗ ಅನುಮಾನದ ವಿಷಯಕ್ಕೆ ಬರುತ್ತೇನೆ. ನನ್ನ ವಾದ ಇಷ್ಟೇ: ಆ ಹುಡುಗನ ಅನುಮಾನ ಸುಳ್ಳಲ್ಲ. ಅವನ ಹಾಡು ನಿಜಕ್ಕೂ ಇನ್ನೂ ಚೆನ್ನಾಗಿಲ್ಲ. ಅದು ಅವನಿಗೆ ಗೊತ್ತಾಗುತ್ತಿದೆ ಎಂದರೆ ಅವನ ಕಿವಿ ಬೆಳೆದಿದೆ. ಮುದ್ದೆ ಕಟ್ಟಲು ಬಾರದವನಿಗೂ ಮುದ್ದೆ ಗಂಟಾಗಿದೆ ಎಂದು ಮೊದಲ ತುತ್ತಿಗೇ ತಿಳಿಯುತ್ತದಲ್ಲ, ಹಾಗೆ. ಹುಟ್ಟಿದಾಗಿನಿಂದ ಒಳ್ಳೆಯ ಹಾಡು ಕೇಳಿದ ಕಿವಿ ಅದು, ಬಲಿತಿದೆ. ಕೈ ಹೋದ ವರ್ಷ ಶುರು ಮಾಡಿದ್ದು, ಇನ್ನೂ ಎಳಸು. ಕಿವಿಗೂ ಕೈಗೂ ನಡುವೆ ಇರುವ ಈ ದೂರಕ್ಕೇ ಅನುಮಾನ ಎಂದು ಹೆಸರು. ಈ ಅನುಮಾನ ಇಲ್ಲದೆ ಮೈಕು ಹಿಡಿದವರನ್ನೂ ನೀವು ನೋಡಿದ್ದೀರಿ. ಮದುವೆ ಮನೆ ಆರ್ಕೆಸ್ಟ್ರಾದಲ್ಲಿ ಮೈಕು ಕಸಿದುಕೊಂಡು ಎರಡು ಹಾಡು ಕೊಂದು ಹೋಗುವ ಮಾವನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಇರುತ್ತದೆ! ಆ ನಂಬಿಕೆಯನ್ನು ನಿಮ್ಮ ಮಗನಿಗೂ ಹಚ್ಚಬೇಕೇ?

ಮೋಟಿವೇಶನ್ ಎಂಬ ವ್ಯಾಪಾರ ಈ ಅನುಮಾನವನ್ನು ಕಾಯಿಲೆ ಎಂದು ಹೇಳಿ ಔಷಧಿ ಮಾರುತ್ತದೆ. ಅದರ ಕೈಗೆ ಸಿಕ್ಕಿ ರವಿ ಬಸ್ರೂರು ಅವರ ಬದುಕು ಕೂಡ ಒಂದು ಮಾತ್ರೆಯಾಗಿದೆ. ‘ಕುಂದಾಪುರದ ಹಳ್ಳಿ ಹುಡುಗ, ಕೆಜಿಎಫ್‌ಗೆ ಸಂಗೀತ ಕೊಟ್ಟ, ನೀನ್ಯಾಕೆ ಕೊಡಬಾರದು?’ ಒಂದು ನಿಮಿಷದ ರೀಲು, ಹಿಂದೆ ಕೆಜಿಎಫ್ ಮ್ಯೂಸಿಕ್ಕೇ. ಆ ಒಂದು ನಿಮಿಷದಲ್ಲಿ ಬಿಟ್ಟುಹೋದದ್ದು ಏನು ನೋಡಿ. ‘ಉಗ್ರಂ’ ಬಂದದ್ದು 2014ರಲ್ಲಿ, ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರಿನಲ್ಲಿ. ನಡುವೆ ಆ ಮನುಷ್ಯ ಸುಮ್ಮನೆ ಕೂತು ತನ್ನನ್ನು ನಂಬುತ್ತಿರಲಿಲ್ಲ. ಕುಂದಾಪ್ರ ಕನ್ನಡದಲ್ಲೇ ‘ಗರ್ಗರ್ ಮಂಡಲ’, ‘ಬಿಲಿಂಡರ್’ ಎಂದು ಸಿನಿಮಾಗಳನ್ನೇ ಮಾಡಿದರು. ಯಾರಿಗೆ? ತಮ್ಮ ಸೀಮೆಯ ಜನರಿಗೆ, ಅವರ ಮಾತಿನಲ್ಲಿ. ಸ್ಟುಡಿಯೊವನ್ನೂ ಬಸ್ರೂರಿನಲ್ಲೇ ಕಟ್ಟಿಕೊಂಡರು. 2020ರ ಲಾಕ್‌ಡೌನ್‌ನಲ್ಲಿ ಅಪ್ಪನ ಜೊತೆ ಕುಲುಮೆಯಲ್ಲಿ ಕೂತು ಕೆಲಸ ಮಾಡಿದ ಅವರ ವಿಡಿಯೊ ಎಷ್ಟೋ ಜನ ನೋಡಿದ್ದೀರಿ. ಆ ಕುಲುಮೆಯ ಕಸುಬಿನಲ್ಲಿ ಒಂದು ಗುಟ್ಟಿದೆ. ಗಿರಾಕಿ ನಾಳೆ ಬರುತ್ತಾನೆ, ಕತ್ತಿ ಇವತ್ತು ಮುಗಿಯಬೇಕು. ಕುಲುಮೆಯವನನ್ನು ಯಾರೂ ‘ನಿನಗೆ ಸ್ಫೂರ್ತಿ ಬಂತೇ’ ಎಂದು ಕೇಳುವುದಿಲ್ಲ.

ಹೊರದೇಶದ ಉದಾಹರಣೆಯೂ ಹೀಗೇ. ಬಿಲ್ಲಿ ಐಲಿಶ್ ಎಂಬ ಅಮೆರಿಕದ ಹುಡುಗಿ ಅಣ್ಣ ಫಿನಿಯಸ್ ಜೊತೆ ಮನೆಯ ಮಲಗುವ ಕೋಣೆಯಲ್ಲೇ ಹಾಡು ಮಾಡಿ 2020ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ತೆಗೆದುಕೊಂಡಳು ಎಂದು ಹೇಳುತ್ತಾರೆ. ನಿಜ. ಆದರೆ ಆ ಕೋಣೆ ಲಾಸ್ ಏಂಜಲಿಸ್‌ನಲ್ಲಿತ್ತು, ಅಪ್ಪ ಅಮ್ಮ ಇಬ್ಬರೂ ನಟನೆ, ಸಂಗೀತದವರು, ಹಾಡು ಬರೆಯುವುದನ್ನು ಅಮ್ಮನೇ ಹೇಳಿಕೊಟ್ಟರು ಎಂಬುದನ್ನು ಯಾರೂ ಹೇಳುವುದಿಲ್ಲ. ಮೊದಲ ಕೇಳುಗರು ಮನೆಯೊಳಗೇ ಇದ್ದರು. ನಮ್ಮ ಹುಡುಗನಿಗೆ ಇಲ್ಲದ್ದು ಅದೇ.

ಕೇಳುಗರಿಲ್ಲದ ಜಾಗದಲ್ಲಿ ನಂಬರು ಬಂದು ಕೂತಿದೆ. ಹಾಡು ಹಾಕಿದ ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ಎಷ್ಟು ವ್ಯೂಸ್ ಎಂದು ನೋಡುವುದು. 43. ಮತ್ತೆ ನೋಡಿದರೆ 44, ಆ ನಲವತ್ನಾಲ್ಕನೆಯದು ತಾನೇ ನೋಡಿದ್ದು. ಈ ಅಂಕಿಯನ್ನು ಅವನು ತೀರ್ಪು ಎಂದು ಓದುತ್ತಾನೆ. ಅದು ತೀರ್ಪಲ್ಲ ಎಂದು ಹೇಳಲು ಒಂದಿಷ್ಟು ಲೆಕ್ಕ ಕೊಡುತ್ತೇನೆ. ಲೂಮಿನೇಟ್ ಎಂಬ ಸಂಸ್ಥೆ ಲೋಕದ ಹಾಡುಗಳ ಲೆಕ್ಕ ಇಡುತ್ತದೆ. ಅದರ 2023ರ ಲೆಕ್ಕದಲ್ಲಿ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಸುಮಾರು 18.4 ಕೋಟಿ ಹಾಡುಗಳಿದ್ದವು. ಅವುಗಳಲ್ಲಿ 4.56 ಕೋಟಿ ಹಾಡುಗಳನ್ನು ಆ ವರ್ಷವಿಡೀ ಒಬ್ಬರೂ ಕೇಳಲಿಲ್ಲ. ಹಾಡಿದವನೂ ಕೇಳಲಿಲ್ಲ ಎಂದಾಯಿತು. ಸಾವಿರ ಸಲ ಅಥವಾ ಅದಕ್ಕಿಂತ ಕಡಿಮೆ ಕೇಳಿಸಿಕೊಂಡವು ಸುಮಾರು 15.86 ಕೋಟಿ, ಅಂದರೆ ನೂರಕ್ಕೆ ಎಂಬತ್ತಾರು. ದಿನಕ್ಕೆ ಒಂದು ಲಕ್ಷದ ಆಸುಪಾಸು ಹೊಸ ಹಾಡು ಬಂದು ಬೀಳುತ್ತವೆ. ಎಪಿಎಂಸಿ ಯಾರ್ಡಿಗೆ ಒಂದೇ ದಿನ ಲಕ್ಷ ಲೋಡು ಟೊಮೆಟೊ ಬಂದರೆ ನಿಮ್ಮ ಒಂದು ಕ್ರೇಟನ್ನು ಯಾರೂ ಮುಟ್ಟದೆ ಹೋದದ್ದಕ್ಕೆ ನಿಮ್ಮ ಬೆಳೆ ಕೆಟ್ಟದ್ದು ಎಂದರ್ಥವೇ?

ಇಷ್ಟಾದ ಮೇಲೆ ಆ ಯಾರ್ಡಿನ ನಿಯಮ ಕೇಳಿ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡಿಗೆ ರೆಕಾರ್ಡಿಂಗ್ ದುಡ್ಡು ಬರುವುದೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕೆಂದರೆ ಸಾವಿರ ಸಬ್‌ಸ್ಕ್ರೈಬರ್, ಅದರ ಮೇಲೆ ವರ್ಷಕ್ಕೆ 4,000 ಗಂಟೆ ನೋಡಿಸಿರಬೇಕು, ಇಲ್ಲವೇ ಶಾರ್ಟ್ಸ್‌ನಲ್ಲಿ ಮೂರು ತಿಂಗಳಿಗೆ ಒಂದು ಕೋಟಿ. ಅಲ್ಲಿಗೆ ಚಿಕ್ಕವರ ಪಾಲು ಸೊನ್ನೆ. ಈ ಸೊನ್ನೆಯನ್ನು ತೋರಿಸಿಯೇ ‘ನಿನ್ನ ಮಿಕ್ಸಿಂಗ್ ಸರಿಯಿಲ್ಲ, ನಮ್ಮ ಕೋರ್ಸಿಗೆ ಸೇರು’ ಎನ್ನುವವರು ಬರುತ್ತಾರೆ. ‘ಐದು ಸಾವಿರ ಕೊಡು, ವ್ಯೂಸ್ ಹಾಕಿಸ್ತೀನಿ’ ಎನ್ನುವವರು ಬರುತ್ತಾರೆ. ಹುಡುಗ ಡೆಲಿವರಿ ಬೈಕು ಓಡಿಸಿ ಉಳಿಸಿದ ದುಡ್ಡಿನಲ್ಲಿ ಹೊಸ ಮೈಕು, ಹೊಸ ಪ್ಲಗಿನ್, ಕಂತಿನಲ್ಲಿ ಹೊಸ ಕೀಬೋರ್ಡು. ಸಾಮಾನು ಬಂದ ಒಂದು ವಾರ ಅನುಮಾನ ಮಾಯ. ಎರಡನೇ ವಾರ ಅದು ವಾಪಸ್, ಈ ಸಲ ಇಎಂಐ ಜೊತೆಗೆ.

ಅಂಕಿ ಎಷ್ಟು ಕುರುಡು ಎಂಬುದಕ್ಕೆ ದೂರ ಹೋಗುವುದು ಬೇಡ. 1999ರ ‘ಉಪೇಂದ್ರ’ ಸಿನಿಮಾದ ಹಾಡೊಂದು 2024ರಲ್ಲಿ ಯಾರೋ ತಮಾಷೆಗೆ ಮಾಡಿದ ರೀಲಿನಿಂದ ದೇಶವೆಲ್ಲ ಕುಣಿಯಿತು. ಗುರುಕಿರಣ್ ಇಪ್ಪತ್ತೈದು ವರ್ಷ ಹಿಂದೆ ಹಾಕಿದ ಟ್ಯೂನು ಒಂದಕ್ಷರ ಬದಲಾಗಿರಲಿಲ್ಲ. ಅದು ಮೊದಲೇ ಹಿಟ್ ಆಗಿದ್ದ ಹಾಡು, ಆ ಮಾತು ಬೇರೆ. ಆದರೆ 2023ರಲ್ಲಿ ಅದರ ಅಂಕಿ ನೋಡಿ ತೀರ್ಪು ಕೊಟ್ಟವನು 2024ರಲ್ಲಿ ಏನು ಹೇಳುತ್ತಿದ್ದ?

ಹಾಗಾದರೆ ಬೇಕಾದ್ದು ಏನು? ಇದಕ್ಕೆ ಉತ್ತರ ಬೆಂಗಳೂರಿನಲ್ಲಿ ಹುಡುಕಬೇಕಾಗಿಲ್ಲ, ನಮ್ಮೂರಿನಲ್ಲೇ ಇದೆ. ಮಂಡ್ಯ, ತುಮಕೂರು, ರಾಮನಗರ ಕಡೆಯ ಪೌರಾಣಿಕ ನಾಟಕ ನೋಡದವರು ನಿಮ್ಮಲ್ಲಿ ಯಾರಿದ್ದೀರಿ? ಕುರುಕ್ಷೇತ್ರ ಆಡಬೇಕೆಂದು ತೀರ್ಮಾನ ಆಗುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ದುಡ್ಡು ಹಾಕುತ್ತಾರೆ, ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ. ರೇಷ್ಮೆ ಸೊಪ್ಪು ಕೊಯ್ದು ಬಂದವನು, ಹಾಲಿನ ಡೇರಿಗೆ ಕ್ಯಾನು ಹಾಕಿ ಬಂದವನು, ಲೈನ್‌ಮ್ಯಾನು, ಅಂಗಡಿಯವನು ಎಲ್ಲ ರಾತ್ರಿ ಊರ ದೇವಸ್ಥಾನದ ಹಿಂದೆ ಕೂತು ತಿಂಗಳುಗಟ್ಟಲೆ ಕಂದ, ವೃತ್ತ ಕಲಿಯುತ್ತಾರೆ. ಶ್ರುತಿ ತಪ್ಪುತ್ತದೆ. ಮೇಷ್ಟ್ರು ಬೈಯುತ್ತಾರೆ. ಭೀಮನ ಪಾತ್ರದವನಿಗೆ ತನ್ನ ಮೇಲೆ ಒಂದು ಕಾಳಷ್ಟೂ ನಂಬಿಕೆ ಇರುವುದಿಲ್ಲ. ಅಷ್ಟರಲ್ಲಿ ಪಾಂಪ್ಲೆಟ್ ಪ್ರಿಂಟ್ ಆಗಿಬಿಡುತ್ತದೆ. ಹೆಸರು, ಫೋಟೊ, ತಾರೀಖು. ನೆಂಟರಿಗೆಲ್ಲ ಹಂಚಿ ಆಗಿದೆ, ಸೀನರಿಯವನಿಗೆ ಅಡ್ವಾನ್ಸ್ ಕೊಟ್ಟು ಆಗಿದೆ. ಇನ್ನು ಅವನ ಅನುಮಾನವನ್ನು ಕೇಳುವವರು ಯಾರು? ಆ ರಾತ್ರಿ ಅವನು ಗದೆ ಹಿಡಿದು ನಿಲ್ಲುತ್ತಾನೆ. ಕೆಟ್ಟದಾಗಿ ಹಾಡಿದರೂ ಹಾಡುತ್ತಾನೆ. ಅಕ್ಕ ಬಂದು ಹತ್ತು ರೂಪಾಯಿ ನೋಟಿನ ಹಾರ ಹಾಕುತ್ತಾಳೆ. ಯಾರೋ ಒಬ್ಬ ಹಿಂದಿನಿಂದ ಒನ್ಸ್ ಮೋರ್ ಎಂದು ಕೂಗಿದರಂತೂ ಮುಂದಿನ ವರ್ಷ ಅರ್ಜುನನ ಪಾತ್ರಕ್ಕೇ ದುಡ್ಡು ಹಾಕುತ್ತಾನೆ.

ಆ ರಾತ್ರಿ ಅವನನ್ನು ರಂಗಕ್ಕೆ ತಂದದ್ದು ಮೂರು ಸಂಗತಿ: ತಪ್ಪಿದ ಜಾಗ ಇದು ಎಂದು ಎದುರಿಗೇ ಹೇಳುವ ಮೇಷ್ಟ್ರು, ತಪ್ಪಿಸಿಕೊಳ್ಳಲಾಗದ ತಾರೀಖು, ಹೆಸರು ಹಿಡಿದು ಕರೆಯಬಲ್ಲ ಕೇಳುಗರು. ಆತ್ಮವಿಶ್ವಾಸ ಆ ಪಟ್ಟಿಯಲ್ಲೇ ಇರಲಿಲ್ಲ. ಬಂದಿದ್ದರೆ ನಾಟಕ ಮುಗಿದ ಮಾರನೇ ದಿನ, ಬಣ್ಣ ತೊಳೆಯುವಾಗ ಬಂದಿರಬೇಕು. ಬೆಂಗಳೂರಿನ ರೂಮಿನ ಹುಡುಗನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅವನ ಮೇಷ್ಟ್ರು ಯೂಟ್ಯೂಬು. ಅದು ಎಲ್ಲರಿಗೂ ಹೇಳುತ್ತದೆ, ಅವನಿಗೆ ಹೇಳುವುದಿಲ್ಲ. ಅವನಿಗೆ ತಾರೀಖಿಲ್ಲ, ‘ಪರ್ಫೆಕ್ಟ್ ಆದಾಗ ಬಿಡ್ತೀನಿ’ ಎಂಬುದು ತಾರೀಖಲ್ಲ. ಕೇಳುಗರು ಬರೀ ಅಂಕಿ.

ನಿಜಕ್ಕೂ ನಮ್ಮ ಸಂಗೀತ ಕಟ್ಟಿದವರನ್ನು ನೋಡಿದರೂ ಇದೇ ಕಾಣುತ್ತದೆ. ಸಿ. ಅಶ್ವಥ್ 27 ವರ್ಷ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡಿದರು. ಹಾಡು ನೌಕರಿಯ ಜೊತೆಗೇ ನಡೆಯಿತು. ನಾಟಕಗಳಿಗೆ ಸಂಗೀತ ಕೊಡುತ್ತಿದ್ದರು, ನಾಟಕಕ್ಕೆ ಪ್ರದರ್ಶನದ ದಿನ ಇರುತ್ತದೆ. 2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂದು ಜನಸಾಗರದ ಮುಂದೆ ನಿಂತಾಗ ಅವರಿಗೆ ಅರವತ್ತು ದಾಟಿತ್ತು. ಶಿವಮೊಗ್ಗ ಸುಬ್ಬಣ್ಣ ವಕೀಲರು. ಕರಿಕೋಟು ಬಿಡದೆಯೇ ‘ಕಾಡು ಕುದುರೆ’ ಹಾಡಿ ರಾಷ್ಟ್ರಪ್ರಶಸ್ತಿ ತಂದರು. ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದಾಗ ಭಾವಗೀತೆಯ ಕ್ಯಾಸೆಟ್ಟು ಎಂಬ ಮಾರುಕಟ್ಟೆಯೇ ಕನ್ನಡದಲ್ಲಿ ಇರಲಿಲ್ಲ. ‘ಕೆಲಸ ಬಿಡು, ಕನಸು ಹಿಡಿ’ ಎಂದು ರೀಲಿನಲ್ಲಿ ಕೂಗುವ ಅಣ್ಣಂದಿರು ಅಶ್ವಥ್ ಅವರ ಆ 27 ವರ್ಷದ ಹಾಜರಿ ಪುಸ್ತಕವನ್ನು ಒಮ್ಮೆ ನೆನೆಯಲಿ. ಬಾಡಿಗೆ ಕಟ್ಟಲು ಸಂಬಳ ಇರುವವನ ಹಾಡು ಬಾಡಿಗೆ ಕಟ್ಟಬೇಕಾಗಿಲ್ಲ. ಅಷ್ಟರ ಮಟ್ಟಿಗೆ ಆ ಹಾಡಿಗೆ ಬಿಡುಗಡೆ.

ಅನುಮಾನದಿಂದ ಆಗುವ ನಿಜವಾದ ನಷ್ಟ ಒಂದಿದೆ, ಅದರ ಬಗ್ಗೆ ಯಾವ ಮೋಟಿವೇಶನ್ ಭಾಷಣದಲ್ಲೂ ಮಾತಿಲ್ಲ. ತನ್ನ ಕೆಲಸಕ್ಕೆ ಬೆಲೆ ಇಲ್ಲ ಎಂದುಕೊಂಡವನು ಅದನ್ನು ಬಿಟ್ಟಿ ಕೊಡುತ್ತಾನೆ. ಕಿರುಚಿತ್ರದವರು, ಆಲ್ಬಂ ಸಾಂಗ್ ಮಾಡಿಸುವವರು, ಎಲೆಕ್ಷನ್ ಸಮಯದಲ್ಲಿ ಪ್ರಚಾರದ ಹಾಡು ಬೇಕಾದವರು ಬರುತ್ತಾರೆ. ‘ದುಡ್ಡೇನು ದೊಡ್ಡದಲ್ಲ ಬಿಡಪ್ಪ, ಹೆಸರು ಹಾಕ್ತೀವಿ, ಒಳ್ಳೆ ಎಕ್ಸ್‌ಪೋಶರ್ ಸಿಗುತ್ತೆ.’ ಇವನು ತಲೆ ಆಡಿಸುತ್ತಾನೆ. ನನ್ನಂಥವನ ಕೈಲಿ ಕೇಳುತ್ತಿದ್ದಾರಲ್ಲ, ಅದೇ ಹೆಚ್ಚು ಎಂದುಕೊಳ್ಳುತ್ತಾನೆ. ಮದುವೆಗೆ ಬಂದ ಶಾಮಿಯಾನದವನಿಗೆ, ಅಡುಗೆ ಭಟ್ಟರಿಗೆ, ವಾಲಗದವರಿಗೆ ಎಕ್ಸ್‌ಪೋಶರ್ ಕೊಟ್ಟು ಕಳಿಸಿ ನೋಡೋಣ! ಇವನ ಅನುಮಾನ ಬೇರೆಯವರ ಉಳಿತಾಯ ಆಗಿದೆ. ಅವನಿಗೆ ಅನುಮಾನ ಇರುವಷ್ಟು ದಿನ ಅವರಿಗೆ ಖರ್ಚಿಲ್ಲ.

ಕಾನೂನು ಇವನ ಕಡೆ ಇದೆ, ಇವನಿಗೇ ಗೊತ್ತಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ರಾಗ ಹಾಕಿದವರು ಮತ್ತು ಸಾಹಿತ್ಯ ಬರೆದವರು ಹಾಡನ್ನು ಸಿನಿಮಾಕ್ಕೋ ಆಲ್ಬಂಗೋ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ತಮ್ಮ ಸಮಪಾಲು ಬಿಟ್ಟುಕೊಡುವಂತಿಲ್ಲ. ಸಿನಿಮಾ ಹಾಡಾದರೆ ಥಿಯೇಟರಿನಲ್ಲಿ ಸಿನಿಮಾ ಜೊತೆ ತೋರಿಸುವುದಕ್ಕೆ ಇದು ಅನ್ವಯಿಸದು. ರೇಡಿಯೊ, ಟಿವಿ, ಆ್ಯಪ್ ಹೀಗೆ ಬೇರೆ ಬಳಕೆಗೆಲ್ಲ ಅನ್ವಯ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಆ ಹಕ್ಕು ಬರೆದುಕೊಡಲು ಆಗದು, ಬರೆಸಿಕೊಂಡರೂ ಅದು ನಿಲ್ಲದು. ಅಂಥ ದುಡ್ಡು ವಸೂಲಿ ಮಾಡಿ ಹಂಚುವ ಸೊಸೈಟಿ ಐಪಿಆರ್‌ಎಸ್, 1969ರಿಂದ ಇದೆ. ‘ಆಲ್ ರೈಟ್ಸ್ ನಮ್ಮದು’ ಎಂದು ವಾಟ್ಸಾಪಿನಲ್ಲಿ ಮೆಸೇಜು ಹಾಕಿದ ತಕ್ಷಣ ಎಲ್ಲವೂ ಅವರದಾಗುವುದಿಲ್ಲ. ಒಂದು ಹಾಳೆಯಲ್ಲಿ ಇಂಥ ಹಾಡು, ಇಷ್ಟು ದುಡ್ಡು, ಇಂಥ ಬಳಕೆಗೆ ಎಂದು ಬರೆದು ಎರಡೂ ಕಡೆ ಸಹಿ ಹಾಕಿಸುವುದು ಹತ್ತು ಮೋಟಿವೇಶನ್ ವಿಡಿಯೊಗಿಂತ ಮೇಲು.

ಈಗ ಹೊಸ ಅನುಮಾನ ಒಂದು ಸೇರಿಕೊಂಡಿದೆ: ಎಐ. ಸುನೊ, ಯೂಡಿಯೊ ಎಂಬ ಆ್ಯಪುಗಳಿಗೆ ಎರಡು ಸಾಲು ಕೊಟ್ಟರೆ ಅರ್ಧ ನಿಮಿಷದಲ್ಲಿ ಪೂರ್ತಿ ಹಾಡು. 2024ರ ಜೂನಿನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಇವುಗಳ ಮೇಲೆ ಅಮೆರಿಕದ ಕೋರ್ಟಿಗೆ ಹೋದವು. ‘ಇನ್ನು ನಾನ್ಯಾಕೆ ರಾತ್ರಿ ನಿದ್ದೆ ಕೆಡಲಿ?’ ಎಂದು ಹುಡುಗರು ಕೇಳುತ್ತಾರೆ. ಹಾಡು ಬರೀ ಸರಕಾದರೆ ಕೆಡಬೇಡಿ, ಮಷಿನ್ನೇ ಅಗ್ಗ. ಲಕ್ಷಾಂತರ ಅಪರಿಚಿತರಿಗೆ ಎಂದು ಮಾಡಿದ ಹಾಡಿನಲ್ಲಿ ಮಷಿನ್ನು ನಿಮ್ಮನ್ನು ಸೋಲಿಸುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ನಿಮ್ಮೂರ ಮಾರಮ್ಮನ ಹಬ್ಬದಲ್ಲಿ ತಮಟೆಯವರು ಎಲ್ಲಿ ಹೊಡೆತ ಬದಲಿಸುತ್ತಾರೆ, ಆಗ ಯಾರ ಮೇಲೆ ದೇವರು ಬರುತ್ತದೆ ಎಂಬುದನ್ನು ನೋಡಿ ಬೆಳೆದವರು ನೀವು. ಹಾಗೆಂದು ಜಾನಪದವನ್ನೇ ಹಾಕಿ ಎಂದು ಉಪದೇಶ ಮಾಡುತ್ತಿಲ್ಲ. ಟ್ರ್ಯಾಪ್ ಮಾಡಿ, ಡಿಜೆ ಮಾಡಿ, ಏನಾದರೂ ಮಾಡಿ. ಯಾರಿಗೆ ಎಂದು ಗೊತ್ತಿಟ್ಟುಕೊಂಡು ಮಾಡಿ ಎಂದಷ್ಟೇ ಹೇಳುತ್ತಿರುವುದು.

ರೂಮಿನಲ್ಲಿರುವವರಿಗೆ ಒಂದು ಮಾತು. ಕೆಂಗೇರಿಯಿಂದ ವಿಜಯನಗರಕ್ಕೆ ಈಗ ಮೆಟ್ರೊ ಇದೆ. ಐದು ಜನ ಸೇರಿ. ತಿಂಗಳ ಕೊನೆಯ ಭಾನುವಾರ ಯಾರಾದರೂ ಒಬ್ಬರ ರೂಮು, ಇಲ್ಲದಿದ್ದರೆ ಮಲ್ಲತ್ತಹಳ್ಳಿಯ ಕಲಾಗ್ರಾಮದ ಮರದ ಕೆಳಗೆ. ಪ್ರತಿಯೊಬ್ಬರೂ ಮುಗಿದ ಒಂದು ಹಾಡು ತರಬೇಕು. ಚೆನ್ನಾಗಿರಲೇಬೇಕು ಎಂದಿಲ್ಲ, ಮುಗಿದಿರಬೇಕು. ತರದವನು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ಕೇಳಿದ ಮೇಲೆ ‘ಸೂಪರ್ ಮಗಾ’ ಎನ್ನಬಾರದು, ಬೆಂಕಿ ಎಮೋಜಿ ನಿಷಿದ್ಧ. ಎರಡನೇ ಚರಣಕ್ಕೆ ಬೇಜಾರಾಯಿತು, ಮಾತು ಕೇಳಿಸಲಿಲ್ಲ, ಕೊನೆ ಚೆನ್ನಾಗಿದೆ ಎಂದು ಜಾಗ ತೋರಿಸಿ ಹೇಳಬೇಕು. ಇನ್ನೊಂದು, ಹಾಡನ್ನು ಅವ್ವನ ಫೋನಿನಂಥ ಫೋನಿನಲ್ಲಿ ಹಾಕಿ ಕೇಳಿ. ಫೋನಿನ ಪುಟ್ಟ ಸ್ಪೀಕರಿಗೆ ನೀವು ಮೂರು ರಾತ್ರಿ ಕೂತು ಕೂರಿಸಿದ ಐವತ್ತು ಹರ್ಟ್ಸ್ ಬೇಸು ಕೇಳಿಸುವ ಶಕ್ತಿಯೇ ಇಲ್ಲ. ಅವ್ವನಿಗೆ ಹಾಡು ಪೊಳ್ಳು ಅನ್ನಿಸಿದ್ದು ಅವ್ವನ ತಪ್ಪಲ್ಲ, ನಿಮ್ಮ ಪ್ರತಿಭೆಯ ಕೊರತೆಯೂ ಅಲ್ಲ. ಬೇಸಿನ ಮೇಲಿನ ಸ್ವರಗಳನ್ನು ಸ್ವಲ್ಪ ಎತ್ತಿದರೆ ಆ ಫೋನಿನಲ್ಲೂ ಅದು ಇದ್ದಂತೆ ಕೇಳುತ್ತದೆ. ಅನುಮಾನಗಳಲ್ಲಿ ಅರ್ಧದಷ್ಟು ಹೀಗೆ ಒಂದು ಗುಂಡಿ ತಿರುಗಿಸಿದರೆ ಹೋಗುವಂಥವು.

ಇನ್ನು ಊರಲ್ಲಿರುವವರಿಗೆ. ಮಗನೋ ಮಗಳೋ ರಾತ್ರಿ ಹನ್ನೆರಡಕ್ಕೆ ಒಂದು ಹಾಡು ಕಳಿಸಿದರೆ ‘ಎಷ್ಟು ವ್ಯೂಸ್ ಬಂತು’, ‘ಸಿನಿಮಾಗೆ ಯಾವಾಗ ಮಾಡ್ತೀಯ’, ‘ಇದ್ರಿಂದ ಹೊಟ್ಟೆ ತುಂಬುತ್ತಾ’ ಎಂಬ ಮೂರು ಪ್ರಶ್ನೆ ಬಿಟ್ಟುಬಿಡಿ. ‘ನಿನ್ನ ಮೇಲೆ ನಂಗೆ ನಂಬಿಕೆ ಇದೆ’ ಎಂಬುದೂ ಬೇಡ, ಅದು ಅವರ ಬೆನ್ನಿಗೆ ಇನ್ನೊಂದು ಮೂಟೆ. ಮೂರೂವರೆ ನಿಮಿಷ ಪೂರ್ತಿ ಕೇಳಿ. ಎಲ್ಲಿ ಇಷ್ಟವಾಯಿತು, ಎಲ್ಲಿ ತಲೆನೋವು ಬಂತು, ಅದನ್ನು ಹೇಳಿ.

ಗಣೇಶನ ಕಮಿಟಿಯವರು, ರಾಜ್ಯೋತ್ಸವ ಮಾಡುವ ಯುವಕರ ಸಂಘದವರು ಇದನ್ನು ಓದುತ್ತಿದ್ದರೆ ನಿಮಗೊಂದು ಕೋರಿಕೆ. ಆರ್ಕೆಸ್ಟ್ರಾಗೆ ಸಾವಿರಾರು ರೂಪಾಯಿ ಕೊಡುತ್ತೀರಿ, ಕೊಡಿ, ಬೇಡ ಎನ್ನುವುದಿಲ್ಲ. ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಹದಿನೈದು ನಿಮಿಷ ಊರಿನ ಆ ಹುಡುಗನಿಗೆ ಇಡಿ. ಅವನ ಮೂರು ಹಾಡಿಗೆ ನಿಮ್ಮ ಸೌಂಡ್ ಸಿಸ್ಟಂ ಕೊಡಿ, ಎರಡು ಸಾವಿರ ರೂಪಾಯಿ ಕವರಿನಲ್ಲಿ ಹಾಕಿ ಕೊಡಿ. ಬರುತ್ತೀಯಾ ಎಂದು ಅವನನ್ನು ಕೇಳಲು ಹೋಗಬೇಡಿ, ‘ಇನ್ನೂ ರೆಡಿ ಇಲ್ಲಣ್ಣ, ಮುಂದಿನ ವರ್ಷ ನೋಡೋಣ’ ಅಂತಾನೆ. ಹೆಸರು, ಫೋಟೊ, ತಾರೀಖು ಹಾಕಿಸಿ ಪಾಂಪ್ಲೆಟ್ ಪ್ರಿಂಟ್ ಮಾಡಿಸಿ, ಪಂಚಾಯ್ತಿ ಗೋಡೆಗೆ ಅಂಟಿಸಿ, ಆಮೇಲೆ ಅದರದೊಂದು ಫೋಟೊ ತೆಗೆದು ಅವನಿಗೆ ಕಳಿಸಿ.